ನಿಲ್ಲುವ ಕಾರಿಗೆ ಇನ್ನಷ್ಟು ಬ್ರೇಕು

ನಿರ್ಧಾರ ತೆಗೆದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಗೋವಾದಲ್ಲಿ ಇಲ್ಲ! ಇದು ನಾನು ಹೇಳುವ ಮಾತಲ್ಲ, ನನ್ನ ಹುದ್ದೆ ಹೇಳುವ ಮಾತು. ಪಣಜಿಯ ಒಂದು ವಿಮಾ ಕಚೇರಿಯಲ್ಲಿ ನಾನು ವಾಹನ ವಿಭಾಗದ ಅಧಿಕಾರಿ. ಲಾರಿ ಬಸ್ಸಿಗೆ ಗುದ್ದಿತೋ, ಬಸ್ಸು ಲಾರಿಗೆ ಗುದ್ದಿತೋ, ಎರಡೂ ಕೂಡಿ ತೆಂಗಿನ ಮರಕ್ಕೆ ಗುದ್ದಿದವೋ, ಕಾಗದ ನನ್ನ ಮೇಜಿಗೆ ಬಂದರೆ ಸಾಕು, ಮುಂದಿನ ಚಹಾ ಆರುವುದರೊಳಗೆ ತಪ್ಪು ಯಾರದೆಂದು ತೀರ್ಪು ಕೊಟ್ಟುಬಿಡುತ್ತೇನೆ. ಇಂಥ ಬಿಂದುಮಾಧವನಿಗೆ ಸ್ವಂತ ಕಾರಿಗೆ ದೊಡ್ಡ ಬ್ರೇಕು ಹಾಕಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಒಂದು ಕೆಲಸವೇ?

ಒಂದು ಭಾನುವಾರ ಬೆಳಿಗ್ಗೆ ಪರ್ವರಿಯ ನಮ್ಮ ಮನೆಯ ವರಾಂಡದಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಹೆಂಡತಿಗೆ ಘೋಷಿಸಿದೆ:

"ಧನಶ್ರೀ, ಕೇಳು! ನಾಳೆ ಸಂಜೀಯೊಳಗ ಈ ಬ್ರೇಕಿನ ವಿಷಯ ಮುಗಿಸಿಬಿಡ್ತೇನಿ. ಯಾರನ್ನೂ ಕೇಳಂಗಿಲ್ಲ. ನಾನ, ನಾನೊಬ್ಬನ!"

"ಮುಗಸ್ರಿ. ಅದಕ್ಕೂ ಮೊದಲ ಆ ಕೊತ್ತಂಬರಿ ಸೋಸೂದು ಮುಗಸ್ರಿ," ಎಂದಳು ಧನಶ್ರೀ.

ಕಾರಿನ ಪರಿಚಯ ಮಾಡಿಕೊಡದಿದ್ದರೆ ಕಥೆ ಮುಂದಕ್ಕೆ ಓಡುವುದಿಲ್ಲ. 2009ರ ಮಳೆಗಾಲ ಮುಗಿಯುತ್ತಿದ್ದಂತೆ ಮಡಗಾಂವದ ಡಾಕ್ಟರೊಬ್ಬರು ಸಂಸಾರ ಸಮೇತ ಕೆನಡಾಕ್ಕೆ ಹೊರಟರು. ಹೋಗುವ ಮುನ್ನ ತಮ್ಮ ಕೆಂಪು ಸ್ಪೋರ್ಟ್ಸ್ ಕಾರನ್ನು ನನ್ನ ಕೊರಳಿಗೆ ಕಟ್ಟಿದರು. ಎರಡೇ ಬಾಗಿಲು, ಎರಡೇ ಸೀಟು, ಬೇಕೆಂದಾಗ ಮಡಚಿಡುವ ಕ್ಯಾನ್‌ವಾಸಿನ ಚಾವಣಿ, ಮೈಯೆಲ್ಲ ಫೈಬರು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಒಳಗೆ ಕೂತು ಕೈ ಹೊರಗೆ ಚಾಚಿದರೆ ರಸ್ತೆಯ ಮೇಲೆ ರಂಗೋಲಿ ಹಾಕಬಹುದು! ಅದನ್ನು ಮನೆ ಮುಂದೆ ನಿಲ್ಲಿಸಿದ ದಿನ ಧನಶ್ರೀ ಒಂದು ಸುತ್ತು ಹಾಕಿ ನೋಡಿದಳು.

"ಉಳಿದದ್ದು ಯಾವಾಗ ಬರ್ತದ್ರೀ?"

"ಯಾವ ಉಳಿದದ್ದು?"

"ಹಿಂದಿನ ಅರ್ಧಾ ಕಾರು!"

ಹಿಂದಿನ ಅರ್ಧ ಕೊನೆಗೂ ಬರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಹೊಸ ಪದ್ಧತಿ ಜಾರಿಗೆ ಬಂತು. ಚಳಿಗಾಲಕ್ಕೆಂದು ಧಾರವಾಡದಿಂದ ಬಂದಿದ್ದ ನನ್ನ ಅತ್ತೆ ಯಮುನಾಬಾಯಿ ಕಾರಿನಲ್ಲಿ ನನ್ನ ಪಕ್ಕಕ್ಕೆ. ಧನಶ್ರೀ ತನ್ನ ಸ್ಕೂಟರಿನಲ್ಲಿ ನಮ್ಮ ಹಿಂದೆ. ದೂರದಿಂದ ನೋಡಿದವರಿಗೆ ಯಾರೋ ಮಂತ್ರಿಯ ತಾಯಿ ಬೆಂಗಾವಲಿನ ಸಮೇತ ಹೊರಟ ಹಾಗೆ ಕಾಣುತ್ತಿತ್ತು. ಅತ್ತೆಗೂ ಹಾಗೇ ಅನಿಸುತ್ತಿತ್ತೆಂದು ತೋರುತ್ತದೆ. ಸಿಕ್ಕಸಿಕ್ಕವರಿಗೆಲ್ಲ ಕೈ ಬೀಸುತ್ತಿದ್ದರು!

ಎಲ್ಲ ಚೆನ್ನಾಗಿಯೇ ನಡೆದಿತ್ತು, ಗುರುಕಿರಣ ನನ್ನ ಕಾರಿನಲ್ಲಿ ಕೂರುವವರೆಗೆ.

ಗುರುಕಿರಣ ಬೆಳಗಾವಿಯವನು, ನಮ್ಮ ಕಚೇರಿಯ ಸರ್ವೇಯರ್. ಅಪಘಾತವಾದ ವಾಹನಗಳನ್ನು ಕಣ್ಣಾರೆ ನೋಡಿ ವರದಿ ಕೊಡುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ಇಂಟರ್ನೆಟ್ಟಿನಲ್ಲಿ, ತಾನೆಂದೂ ಕೊಳ್ಳದ ಕಾರುಗಳ ಬಗ್ಗೆ ಓದುತ್ತಾನೆ. ಒಂದು ದಿನ ಅವನನ್ನು ಕೂರಿಸಿಕೊಂಡು ಪರ್ವರಿಯ ಇಳಿಜಾರಿನಲ್ಲಿ ಮಾಂಡವಿ ಸೇತುವೆಯ ಕಡೆಗೆ ಇಳಿಯುತ್ತಿದ್ದೆ. ಕೆಳಗೆ ವಾಹನಗಳು ನಿಂತಿದ್ದವು. ಬ್ರೇಕ್ ಒತ್ತಿದೆ. ಕಾರು ನಿಂತಿತು. ಗುರುಕಿರಣ ತುಟಿ ಸೊಟ್ಟ ಮಾಡಿದ.

"ಬಿಂದೂ, ಬ್ರೇಕ್ ಸ್ವಲ್ಪ ಮೆತ್ತಗ ಅವ ಅಲ್ಲ?"

ಅಷ್ಟೇ ಅಂದದ್ದು! ಅವಲಕ್ಕಿಗೆ ಉಪ್ಪು ಸ್ವಲ್ಪ ಕಡಿಮೆ ಅಲ್ಲವೇ ಎನ್ನುವ ಧಾಟಿಯಲ್ಲಿ ಅಂದು, ಪಣಜಿಯಲ್ಲಿ ಇಳಿದು ಹೋದ. ಆದರೆ ಅಂದಿನಿಂದ ನನ್ನ ಬಲಗಾಲಿಗೆ ನೆಮ್ಮದಿ ಇಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಮೆತ್ತಗಿದೆ ಎನಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಗಟ್ಟಿಯಿದೆ ಎನಿಸುತ್ತದೆ. ಮೂರನೆಯ ಸಲ ಒತ್ತಿದರೆ ಹಿಂದಿನವರು ಹಾರ್ನ್ ಬಾರಿಸುತ್ತಾರೆ!

ಮರುದಿನ ಕಚೇರಿಯಲ್ಲಿ ಅವನನ್ನೇ ಹಿಡಿದು ಕೇಳಿದೆ. ಪುಣ್ಯಾತ್ಮ ಪುರಾಣವನ್ನೇ ಬಿಚ್ಚಿದ.

"ಮುಂದಿನ ಗಾಲಿಗೆ ಬ್ರೇಕಿನ ದೊಡ್ಡ ಡಿಸ್ಕ್ ಹಾಕಸು. ಪ್ಯಾಡೂ ಬದಲಸಬೇಕಾಗ್ತದ. ಆದ್ರ ದೊಡ್ಡ ಡಿಸ್ಕ್ ನಿನ್ನ ಸಣ್ಣ ಗಾಲಿಯೊಳಗ ಕೂಡಂಗಿಲ್ಲ."

"ಮತ್ತ?"

"ದೊಡ್ಡ ಗಾಲಿ ಹಾಕಸು."

"ಆಮ್ಯಾಲೆ?"

"ದೊಡ್ಡ ಗಾಲಿ ಮಡ್‌ಗಾರ್ಡಿಗೆ ತಾಗ್ತದ. ಕಾರು ಸ್ವಲ್ಪ ಮ್ಯಾಲೆ ಎತ್ತಸು."

"ಎತ್ತಿಸಿದ್ರ?"

"ಎತ್ತಿಸಿದ್ರ ತಿರುವಿನ್ಯಾಗ ವಾಲತದ. ಹಂಗಾಗಿ ಭಾಳ ಜೋರ್ ಓಡಸಬ್ಯಾಡ."

"ಜೋರ್ ಓಡಸದಿದ್ರ ದೊಡ್ಡ ಬ್ರೇಕ್ ಯಾಕೋ ಮಾರಾಯಾ?"

"ಅದನ್ನ ನೀನ ನಿರ್ಧಾರ ಮಾಡಬೇಕು," ಎಂದು ಗಂಭೀರವಾಗಿ ಹೇಳಿ ಚಹಾ ಕುಡಿಯಲು ಹೋದ.

ಈ ಹಿನ್ನೆಲೆಯಲ್ಲೇ ನಾನು ಭಾನುವಾರದ ಆ ಘೋಷಣೆ ಮಾಡಿದ್ದು. ಯಾರನ್ನೂ ಕೇಳುವುದಿಲ್ಲ ಎಂದಿದ್ದೆನಲ್ಲ, ಆ ಪ್ರತಿಜ್ಞೆ ಕೊತ್ತಂಬರಿ ಸೋಸಿ ಮುಗಿಯುವವರೆಗೆ ಬಾಳಿತು. ಕಡ್ಡಿಗಳನ್ನು ಒಂದು ಕಡೆ ಗುಡ್ಡೆ ಹಾಕುತ್ತ ಮೆಲ್ಲಗೆ ಕೇಳಿದೆ:

"ಧನಶ್ರೀ, ನಿನಗ ಹೆಂಗ ಅನಸ್ತದ?"

"ಕಾರು ನಿಲ್ಲಂಗಿಲ್ಲೇನು?"

"ನಿಲ್ತದ."

"ಮತ್ತೇನು?"

"ಇನ್ನೂ ಚಲೋ ನಿಲ್ಲಬೇಕು."

"ನಿಲ್ಲೂದ್ರಾಗ ಚಲೋ, ಕೆಟ್ಟ ಅಂತ ಇರ್ತದೇನ್ರೀ? ನಿಂತ್ರ ನಿಂತ್ಹಂಗ!"

ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. "ಏನಾಗ್ಯದ ಕಾರಿಗೆ?"

"ಡಿಸ್ಕ್ ಬದಲಸಬೇಕೇನೋ ಅಂತ, ಅತ್ತಿಯವರ."

"ಅಯ್ಯ ದೇವರ! ಡಿಸ್ಕ? ನಮ್ಮ ಕಾಕಾಂದೂ ಡಿಸ್ಕ್ ಸರದಿತ್ತು ನೋಡ್ರಿ. ಹಾಸಗಿ ಬ್ಯಾಡ, ಹಲಗಿ ಮ್ಯಾಲೆ ಮಲಗಸ್ರಿ ಅಂದಿದ್ರು ಡಾಕ್ಟರು. ಸುಮ್ಮ ಒಂದ್ ತಿಂಗಳಾ ಕಾರನ್ನ ಸಪಾಟ ಜಾಗಾದಾಗ ನಿಲ್ಲಸ್ರಿ. ತಾನ ಆರಾಮ ಆಗ್ತದ!"

ನಾಳೆ ಸಂಜೆ ಬಂತು, ಹೋಯಿತು. ಆಚೆ ನಾಳೆಯೂ ಹೋಯಿತು. ತಡೆಯಲಾರದೆ ಮೈಬೂಬಸಾಬರ ಗ್ಯಾರೇಜಿಗೆ ಹೋದೆ. ಹುಬ್ಬಳ್ಳಿ ಕಡೆಯಿಂದ ಬಂದು ಮಾಪ್ಸಾ ರಸ್ತೆಯಲ್ಲಿ ಗ್ಯಾರೇಜು ಹಾಕಿರುವ ಹಿರಿಯರು. ಗಿರಾಕಿಯ ಮನಸ್ಸು ನೋಯಿಸಬಾರದು ಎಂಬುದು ಅವರ ಒಂದೇ ಸಿದ್ಧಾಂತ.

"ಹಾಕಸ್ರಿ ಸಾಹೇಬ್ರ, ಭಾಳ ಚಲೋ ಆಕ್ಕೈತಿ," ಎಂದರು.

"ಆದ್ರ ಈಗಿನ ಬ್ರೇಕೂ ಹಿಡೀತಾವಲ್ಲ?"

"ಹಿಡೀತಾವ್ರಿ! ಮಸ್ತ್ ಹಿಡೀತಾವ. ಹಾಕಸೂದು ಬ್ಯಾಡ್ರಿ."

"ಹಂಗಂದ್ರ ಬ್ಯಾಡ ಅಂತೀರೇನು?"

"ನೀವು ಬ್ಯಾಡಂದ್ರ ಬ್ಯಾಡ್ರಿ. ಹಾಕಂದ್ರ ಹಾಕ್ತೇನ್ರಿ."

"ಮೈಬೂಬಸಾಬ್ರ, ಖರೇ ಹೇಳ್ರಿ. ನನ್ನ ಜಾಗಾದಾಗ ನೀವಿದ್ರ ಏನ್ ಮಾಡ್ತಿದ್ರಿ?"

ಅವರು ಎಣ್ಣೆಗೈಯನ್ನು ಅರಿವೆಗೆ ಒರೆಸಿಕೊಳ್ಳುತ್ತ ತುಂಬ ಹೊತ್ತು ಯೋಚಿಸಿದರು. ಆಮೇಲೆ ಹೇಳಿದರು:

"ನಿಮ್ಮ ಜಾಗಾದಾಗ ನಾ ಇದ್ರ, ಸೀದಾ ಬಂದು ಮೈಬೂಬಸಾಬನ್ನ ಕೇಳ್ತಿದ್ದೆ ನೋಡ್ರಿ!"

ನನ್ನ ತಲೆ ಗಿರ್ರೆಂದಿತು. ರಾತ್ರಿ ಊಟಕ್ಕೆ ಕೂತರೆ ಚಪಾತಿ ಡಿಸ್ಕಿನ ಹಾಗೆ ಕಾಣತೊಡಗಿತು. ಇದು ದೊಡ್ಡ ಡಿಸ್ಕೋ ಸಣ್ಣ ಡಿಸ್ಕೋ ಎಂದು ತಿರುಗಿಸಿ ನೋಡುತ್ತಿದ್ದರೆ ಧನಶ್ರೀ, "ಚಪಾತಿ ಎಲ್ಲೂ ಹೊತ್ತಿಲ್ಲ, ತಿನ್ರಿ," ಎನ್ನುತ್ತಿದ್ದಳು.

ಕೊನೆಗೆ ಗುರುಕಿರಣನೇ ಒಂದು ದಾರಿ ತೋರಿಸಿದ. "ಶಾಸ್ತ್ರೀಯವಾಗಿ ಪರೀಕ್ಷಾ ಮಾಡು. ಖಾಲಿ ರಸ್ತೆದಾಗ ಚಲೋ ಸ್ಪೀಡ್ ತಗೊಂಡು ಗಪ್ಪಂತ ಬ್ರೇಕ್ ಒತ್ತು. ಕಾರು ಸೊಟ್ಟ ಎಳೀತೋ, ಮುಂದಕ್ಕ ಜಾರಿತೋ, ಹಾಕಸು. ನೆಟ್ಟಗ ನಿಂತಿತೋ, ಬ್ಯಾಡ."

ಎಷ್ಟು ಸರಳ! ಕಾಲಲ್ಲೇ ಉತ್ತರ ಇಟ್ಟುಕೊಂಡು ಊರೆಲ್ಲ ಕೇಳುತ್ತ ತಿರುಗಿದ್ದೆನಲ್ಲ ಎಂದು ನನಗೆ ನಾನೇ ನಕ್ಕುಬಿಟ್ಟೆ.

ಮುಂದಿನ ಭಾನುವಾರ ಸುಕೂರಿನಲ್ಲಿ ನಮ್ಮ ಪರಿಚಯದವರ ಮನೆಯ ಗೃಹಪ್ರವೇಶವಿತ್ತು. ಎಂದಿನಂತೆ ಮೆರವಣಿಗೆ ಹೊರಟಿತು. ಚಾವಣಿ ಮಡಚಿದ ಕಾರಿನಲ್ಲಿ ನಾನು ಮತ್ತು ಅತ್ತೆ. ಅತ್ತೆಯ ತೊಡೆಯ ಮೇಲೆ ಅವರೇ ಕಟ್ಟಿದ ಬೇಸನ್ ಉಂಡಿಗಳ ದೊಡ್ಡ ಡಬ್ಬಿ. ಹಿಂದೆ ಹಸಿರು ಇಳಕಲ್ ಸೀರೆಯುಟ್ಟು ಸ್ಕೂಟರ್ ಮೇಲೆ ಧನಶ್ರೀ. ದಾರಿಯಲ್ಲಿ ಹೊಸ ಬಡಾವಣೆಯೊಂದರ ರಸ್ತೆ ಸಿಕ್ಕಿತು. ಎರಡೂ ಬದಿಗೆ ಕಟ್ಟುತ್ತಿರುವ ಮನೆಗಳು, ಕೆಂಪು ಕಲ್ಲು, ಮರಳಿನ ಗುಡ್ಡೆ. ನಡುವೆ ನೆಟ್ಟಗೆ, ನುಣ್ಣಗೆ, ಖಾಲಿಯಾಗಿ ಮಲಗಿದ ಡಾಂಬರು. ನನ್ನ ಬಲಗಾಲು ತುರಿಸತೊಡಗಿತು.

"ಅತ್ತಿಯವರ, ಗಟ್ಟಿ ಹಿಡಕೋರಿ."

"ಡಬ್ಬೀನೋ, ಕಾರೋ?"

"ಎರಡೂ!"

ಅತ್ತೆಗೆ ಹೇಳಿದೆ. ನನಗೆ ನಾನೂ ಹೇಳಿಕೊಂಡೆ. ಹೇಳದೆ ಬಿಟ್ಟದ್ದು ಹಿಂದೆ ಬರುತ್ತಿದ್ದವಳಿಗೆ ಮಾತ್ರ. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಹಿಂದೆ ಒಬ್ಬಳು ಇದ್ದಾಳೆಂಬುದೇ ನನ್ನ ತಲೆಯಲ್ಲಿರಲಿಲ್ಲ. ತಲೆಯ ತುಂಬ ಬ್ರೇಕು ತುಂಬಿಕೊಂಡಿತ್ತು!

ಸ್ಪೀಡ್ ಏರಿಸಿದೆ. ಗಾಳಿ ಸುಯ್ಯೆಂದಿತು. ದಾರಿ ತಪ್ಪೀತೆಂದು ಹಿಂದಿನ ಸ್ಕೂಟರೂ ಪಾಪ ಜೋರಾಯಿತು. ದೇವರ ಹೆಸರು ಹೇಳಿ, ಕಾಲಿನಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ, ಗಪ್ಪನೆ ಒತ್ತಿದೆ.

ಕಾರು ನಿಂತಿತು. ಹೇಗೆ ನಿಂತಿತು ಅಂತೀರಿ! ಎಡಕ್ಕಿಲ್ಲ, ಬಲಕ್ಕಿಲ್ಲ, ಜಾರಲಿಲ್ಲ, ನಡುಗಲಿಲ್ಲ. ಹೂತಿಟ್ಟ ಕಲ್ಲಿನ ಹಾಗೆ ನಿಂತಿತು! ಡಬ್ಬಿಯ ಮುಚ್ಚಳ ಮಾತ್ರ ನಿಲ್ಲಲಿಲ್ಲ. ಬೇಸನ್ ಉಂಡಿಗಳು ಗುಂಪಾಗಿ ಎದ್ದು, ಮುಂದಿನ ಗಾಜನ್ನು ದಾಟಿ, ಬಾನೆಟ್ಟಿನ ಮೇಲೆ ಉರುಳಿ, ಸುಕೂರಿನ ಕಡೆಗೆ ನಮಗಿಂತ ಮೊದಲೇ ಹೊರಟವು.

"ಅತ್ತಿಯವರ! ನೆಟ್ಟಗ ನಿಂತಿತು! ಹೊಸಾ ಬ್ರೇಕ್ ಬ್ಯಾಡ! ತೀರ್ಮಾನ ಆತು!" ಎಂದು ನಾನು ಕೂಗುವುದಕ್ಕೂ, ಹಿಂದೆ ಢಬ್ ಎಂದು ಸದ್ದಾಗುವುದಕ್ಕೂ ಸರಿಹೋಯಿತು.

ಫೈಬರಿನ ಮೈ ಹಪ್ಪಳದ ಹಾಗೆ ಮುರಿಯಿತು. ತಿರುಗಿ ನೋಡಿದರೆ ಸ್ಕೂಟರಿನ ಮುಂದಿನ ಗಾಲಿ ನನ್ನ ಕಾರಿನ ಡಿಕ್ಕಿಯೊಳಗೆ ಮನೆ ಮಾಡಿಕೊಂಡಿದೆ. ಸ್ಕೂಟರಿನ ಮೇಲೆ ಯಾರೂ ಇಲ್ಲ.

ಇಲ್ಲಿಯವರೆಗೆ ನಗುತ್ತ ಹೇಳಿದೆ. ಆ ಒಂದು ಗಳಿಗೆಯನ್ನು ಮಾತ್ರ ನಗುತ್ತ ಹೇಳಲಾರೆ. "ಧನೂ" ಎಂದು ಕೂಗಿದೆ. ಇಳಿದು ಓಡಲು ಹೊರಟೆ. ಸೀಟ್ ಬೆಲ್ಟ್ ಹಿಂದಕ್ಕೆ ಜಗ್ಗಿತು. ಮತ್ತೆ ಹೊರಟೆ, ಮತ್ತೆ ಜಗ್ಗಿತು. ಬಿಚ್ಚುವುದು ಹೇಗೆಂದೇ ಮರೆತುಹೋಗಿತ್ತು. ಕೊನೆಗೆ ಅತ್ತೆಯೇ ಕೈಚಾಚಿ ಗುಂಡಿ ಒತ್ತಿ ನನ್ನನ್ನು ಬಿಡುಗಡೆ ಮಾಡಿದರು.

ಧನಶ್ರೀ ರಸ್ತೆ ಬದಿಯ ಮರಳಿನ ಗುಡ್ಡೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಮುಡಿಯಲ್ಲಿ ಮರಳು, ಸೀರೆಯಲ್ಲಿ ಮರಳು, ಮೊಣಕೈಯಲ್ಲಿ ಸಣ್ಣಗೆ ರಕ್ತ. ಕಟ್ಟಡದ ಕೆಲಸದಲ್ಲಿದ್ದ ಹೆಣ್ಣುಮಗಳೊಬ್ಬಳು ಆಗಲೇ ಓಡಿಬಂದು ನೀರು ಕೊಡುತ್ತಿದ್ದಳು.

"ಎಲ್ಲೆರ ಪೆಟ್ಟಾತೇನ್ರಿ ಯಕ್ಕಾ? ಕೈ ಮಡಚ್ರಿ ನೋಡೂಣು. ಕಾಲು ಆಡಸ್ರಿ," ಎಂದಳು ಆಕೆ.

ಧನಶ್ರೀ ಕೈ ಮಡಚಿದಳು, ಕಾಲು ಆಡಿಸಿದಳು. ಎಲ್ಲ ಸರಿಯಾಗಿತ್ತು. ನನ್ನ ಜೀವ ಮರಳಿ ಬಂತು. ನೀರು ಕುಡಿದು, ಬಾಯಿ ಒರೆಸಿಕೊಂಡು, ತೀರ ಶಾಂತವಾಗಿ ನನ್ನನ್ನು ನೋಡಿದಳು. ಆ ಶಾಂತಿಗೆ ನಾನು ಹೆದರಿದಷ್ಟು ಯಾವ ಜಗಳಕ್ಕೂ ಹೆದರಿಲ್ಲ!

"ಅಡ್ಡ ಏನ್ ಬಂದಿತ್ರೀ?"

"ಏನೂ ಇಲ್ಲ."

"ನಾಯಿ?"

"ಇಲ್ಲ."

"ಆಕಳಾ?"

"ಇಲ್ಲ."

"ಮತ್ತ್ಯಾಕ ನಿಂತ್ರಿ?"

"ನಿಲ್ತದೋ ಇಲ್ಲೋ ನೋಡ್ಲಿಕ್ಕೆ."

ನೀರು ಕೊಟ್ಟವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ವಾಹನ ವಿಭಾಗದಲ್ಲಿ ಸವೆದ ನಾಲಿಗೆ. ಮುರಿದ ಡಿಕ್ಕಿಯನ್ನು ಕಂಡದ್ದೇ ತಡ, ಅದು ತನ್ನಷ್ಟಕ್ಕೆ ತೀರ್ಪು ಕೊಟ್ಟುಬಿಟ್ಟಿತು:

"ಆದ್ರ ಕಾಯದೆ ಪ್ರಕಾರ... ಹಿಂದಿಂದ ಗುದ್ದಿದವರದೇ ತಪ್ಪು."

ಕಾರಿನೊಳಗಿಂದ ಅತ್ತೆಯ ಗರ್ಜನೆ ಕೇಳಿಸಿತು:

"ಅಳಿಯಂದ್ರ! ನಿಮ್ಮ ಕಾಯದೆ ಆಮ್ಯಾಲೆ ಓದೀರಂತ! ಮೊದಲ ನನ್ನ ಮಗಳನ್ನ ಎತ್ರಿ!"

ಎತ್ತಿದೆ. ಡಾಕ್ಟರಲ್ಲಿ ಹೋಗಿ ಮೊಣಕೈಗೆ ಪಟ್ಟಿ ಹಾಕಿಸಿದೆವು. ಮೂಳೆಗೇನೂ ಆಗಿಲ್ಲ, ಕೆಲವು ದಿನ ಭಾರ ಹಾಕಬೇಡಿ ಎಂದರು. ಧನಶ್ರೀ ಹಟ ಹಿಡಿದು ಗೃಹಪ್ರವೇಶಕ್ಕೂ ಬಂದಳು. ಉಂಡಿ ತರದೆ ಬಂದದ್ದೇಕೆಂದು ಮನೆಯೊಡತಿ ಕೇಳಿದರು. ಅತ್ತೆ ಮೊದಲಿನಿಂದ ಹೇಳಿದರು. ಪಂಕ್ತಿಯಲ್ಲಿ ಎಡಗಡೆ ಕೂತವರು ಬ್ರೇಕ್ ಬದಲಿಸಿ ಎಂದರು. ಬಲಗಡೆ ಕೂತವರು ಕಾರನ್ನೇ ಬದಲಿಸಿ ಎಂದರು. ಬಡಿಸುವವರು ಎಲೆಯ ಮುಂದೆ ನಿಂತು, "ಹಾಕಲ್ಯೋ ಬ್ಯಾಡ್ರ್ಯೋ?" ಎಂದು ಸಾರಿನ ಸವಟು ಎತ್ತಿದರೆ ನಾನು ತಬ್ಬಿಬ್ಬಾಗಿ, "ಇನ್ನೂ ತೀರ್ಮಾನ ಆಗಿಲ್ರಿ," ಎಂದೆ!

ಕಾರು ಮೈಬೂಬಸಾಬರ ಗ್ಯಾರೇಜು ಸೇರಿತು. ನಾನು ವಿಮೆಯ ಅರ್ಜಿ ಹಿಡಿದು ನನ್ನ ಕಚೇರಿಗೇ ಹೋದೆ. ಸ್ವಂತದ ವಿಷಯವಾದ್ದರಿಂದ ತೀರ್ಪು ನಾನು ಕೊಡುವ ಹಾಗಿರಲಿಲ್ಲ. ವರದಿಗೆ ಬಂದವನು ಗುರುಕಿರಣ. ಗೆಳೆಯನೇ ಬಂದನಲ್ಲ ಎಂದು ನಾನು ಹಿಗ್ಗಿದೆ. ಅವನು ಮುಖದ ಮೇಲೆ ಸರ್ಕಾರಿ ಗಾಂಭೀರ್ಯ ಹೊದ್ದುಕೊಂಡು ಎದುರಿಗೆ ಕೂತ.

"ಘಟನಾದ ಹೊತ್ತಿಗೆ ನಿಮ್ಮ ಕಾರಿನ ಬ್ರೇಕ್ ಚಲೋ ಇದ್ದುವೋ, ಕೆಟ್ಟಿದ್ದುವೋ?"

"ಏನೋ ಗುರು, 'ನಿಮ್ಮ' ಅಂತೀ?"

"ಡ್ಯೂಟಿ ಮ್ಯಾಲೆ ಇದ್ದೇನಿ. ಉತ್ತರಾ ಹೇಳು."

"ಚಲೋ ಇದ್ದುವು."

"ಚಲೋ ಇದ್ದುವು ಅಂದ್ರ ಖಾಲಿ ರಸ್ತೆದಾಗ, ಕಾರಣಾ ಇಲ್ಲದ, ಬೇಕಂತ ಒತ್ತೀ. ಅಪಘಾತಕ್ಕ ನೀನ ಕಾರಣ. ಅರ್ಜಿ ನಡಿಯಂಗಿಲ್ಲ."

"ಹಂಗಾದ್ರ... ಸ್ವಲ್ಪ ಸಂಶಯ ಇತ್ತು ಅಂತ ಬರಕೋ."

"ಸಂಶಯ ಇದ್ದ ಬ್ರೇಕಿನ ಕಾರು ರಸ್ತೇಕ ತಂದೀ. ಅದು ಇನ್ನೂ ದೊಡ್ಡ ತಪ್ಪು. ಅರ್ಜಿ ಸುತರಾಂ ನಡಿಯಂಗಿಲ್ಲ."

"ಮಾರಾಯಾ, ಪರೀಕ್ಷಾ ಮಾಡು ಅಂದಾಂವ ನೀನ ಅಲ್ಲೇನೋ?"

"ಅಂದಾಂವ ಗೆಳೆಯಾ ಗುರುಕಿರಣ. ಇಲ್ಲಿ ಕೂತಾಂವ ಸರ್ವೇಯರ್ ಗುರುಕಿರಣ. ಕಡೀ ಸಲ ಕೇಳ್ತೇನಿ. ಚಲೋ ಇದ್ದುವೋ, ಕೆಟ್ಟಿದ್ದುವೋ?"

ನಾನು ಸೂರು ನೋಡಿದೆ, ಫ್ಯಾನು ನೋಡಿದೆ, ಸುತ್ತ ಕೂತು ಕಿವಿ ನಿಮಿರಿಸಿದ್ದ ಸಹೋದ್ಯೋಗಿಗಳನ್ನು ನೋಡಿದೆ. ಪರರ ಗುದ್ದಾಟಗಳಿಗೆ ಚಹಾ ಆರುವುದರೊಳಗೆ ತೀರ್ಪು ಕೊಡುವ ಮಹಾನುಭಾವನ ಮುಂದಿದ್ದ ಚಹಾ ಆರಿ ತಣ್ಣಗಾಯಿತು. ಅರ್ಜಿಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡು, ನಾಲ್ಕಾಗಿ ಮಡಚಿ, ಜೇಬಿಗೆ ಹಾಕಿಕೊಂಡೆ.

ಕಾರು ರಿಪೇರಿಯಾಗಿ ಬಂದ ದಿನ ನಾನು ಕಚೇರಿಯಿಂದ ಬಸ್ಸಿನಲ್ಲಿ ಮನೆಗೆ ಬಂದೆ. ಹಿಂಭಾಗಕ್ಕೆ ಹೊಡೆದ ಹೊಸ ಬಣ್ಣ ಮುಂದಿನದಕ್ಕೆ ಸರಿಹೊಂದದೆ, ಕಾರು ಅರ್ಧ ಟೊಮ್ಯಾಟೊ ಅರ್ಧ ಗಜ್ಜರಿಯ ಹಾಗೆ ಕಾಣುತ್ತಿತ್ತು. ಧನಶ್ರೀ ಚಾಲಕನ ಸೀಟಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಅತ್ತೆ.

"ಎಲ್ಲಿಗೆ ಹೋಗಿದ್ರಿ?" ಎಂದೆ ಗಾಬರಿಯಿಂದ.

"ಗ್ಯಾರೇಜಿನಿಂದ ನಾನ ಓಡಿಸಿಕೊಂಡ್ ಬಂದೆ. ಸ್ಕೂಟರಿನ ಹ್ಯಾಂಡಲ್ ಹಿಡಿದ್ರ ಮೊಣಕೈ ಜುಮ್ಮಂತದ. ಇದು ಹಗೂರ ಅದ. ಇನ್ನು ಸಾಲಿಗೆ ಇದನ್ನ ಒಯ್ತೇನಿ. ನೀವು ಸ್ಕೂಟರ್ ತಗೋರಿ."

ಧನಶ್ರೀ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳ ಲೆಕ್ಕಕ್ಕೆ ಎದುರಾಡಿ ಗೆದ್ದವರಿಲ್ಲ. ಆದರೂ ಕಾರಿನ ಮೇಲೆ ನನಗೊಂದು ಅಧಿಕಾರ ಉಳಿದಿದೆಯಲ್ಲ ಎಂದು ಗಂಟಲು ಸರಿಮಾಡಿಕೊಂಡೆ.

"ಒಯ್ಯಿ. ಆದ್ರ ಆ ಬ್ರೇಕಿಂದು ಇನ್ನೂ ಸ್ವಲ್ಪ ವಿಚಾರ ಮಾಡೂದದ..."

"ಏನೂ ವಿಚಾರ ಬ್ಯಾಡ. ಹಾಕಿಸಿಬಿಟ್ಟೆ."

"ಹಾಕಿಸಿದಿ? ಏನನ್ನ?"

"ದೊಡ್ಡ ಬ್ರೇಕನ್ರೀ! ಒಂದೆರಡು ಸಲ ಒತ್ತಿ ನೋಡಿದೆ, ಬೇಕನಿಸ್ತು. ಹಾಕ್ರಿ ಅಂದೆ. ಮೈಬೂಬಸಾಬ್ರು ಹೂಂ ಅಂದ್ರು, ಹಾಕಿದ್ರು."

"ಗಾಲಿಯೊಳಗ ಕೂತುವೇನು? ಮಡ್‌ಗಾರ್ಡಿಗೆ ತಾಗಂಗಿಲ್ಲೇನು? ಗುರುಕಿರಣ ಹೇಳಿದ್ದ..."

"ಕೂತಾವ. ತಾಗಂಗಿಲ್ಲ. ಬಾಜೂಕ ಸರೀರಿ, ಕಾಯಿಪಲ್ಲೆ ತರ್ಲಿಕ್ಕೆ ಹೋಗೂದದ."

ಕಾರು ಹೊರಟಿತು. ನಾನು ಚೀಲ ಹೆಗಲಿಗೆ ಹಾಕಿಕೊಂಡು, ಸೊಟ್ಟ ಹ್ಯಾಂಡಲಿನ ಸ್ಕೂಟರು ಹತ್ತಿ, ಬೆಂಗಾವಲಿಗೆ ಹೊರಟೆ. ಇಳಿಜಾರು ಬರುತ್ತಿದ್ದಂತೆ ಅತ್ತೆ ಸೀಟಿನಲ್ಲಿ ತಿರುಗಿ ಎರಡೂ ಕೈ ಬೀಸತೊಡಗಿದರು. ಅಳಿಯನ ಮೇಲೆ ಕೊನೆಗೂ ಪ್ರೀತಿ ಉಕ್ಕಿತೆಂದು ನಾನೂ ಕೈ ಬೀಸಿದೆ.

"ಅಳಿಯಂದ್ರ, ದೂರ ಸರೀರಿ!" ಎಂದು ಕೂಗಿದರು ಅತ್ತೆ. "ಇಕಿ ಯಾವಾಗ ಒತ್ತತಾಳೋ ಇಕಿಗೇ ಗೊತ್ತಿಲ್ಲ!"

ಸರಿದೆ. ಎಷ್ಟು ದೂರ ಸರಿದೆನೆಂದರೆ, ಸೈಕಲ್ಲಿನ ಮೇಲೆ ಪಾವ್ ಬ್ರೆಡ್ಡು ಮಾರುವವನು ಪೊಂ ಪೊಂ ಎಂದು ಹಾರ್ನ್ ಒತ್ತುತ್ತ ನನ್ನನ್ನು ದಾಟಿ ಮುಂದೆ ಹೋದ. ಹೋಗುವಾಗ ಒಮ್ಮೆ ತಿರುಗಿ ನೋಡಿ, ಕನಿಕರದಿಂದ ಹಿಂದಿಯಲ್ಲಿ ಕೇಳಿದ:

"ಬ್ರೇಕ್ ಒತ್ತಿಕೊಂಡೇ ಓಡಿಸ್ತೀರೇನು, ಸಾಬ್?"